ಬೀಡಿ ಕೊಟ್ಟು ಸುಮ್ಮನಿರಿಸಿದ ಚರಿತ್ರೆ

ಮನಸ್ಸು ಕೆಟ್ಟ ಮನುಷ್ಯ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಮಾಸಿದ ಬಟ್ಟೆ, ಕೆದರಿದ ತಲೆ, ಬೆರಳುಗಳ ನಡುವೆ ತುದಿಯವರೆಗೆ ಉರಿದ ಬೀಡಿ. ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ಖಾನಾಪುರದ ಬಸ್ ನಿಲ್ದಾಣದಲ್ಲಾಗಲಿ ಅಂಥವನೊಬ್ಬ ಕೈ ಚಾಚಿದರೆ, ಊಟ ಕೊಡಲು ಹಿಂದೆಮುಂದೆ ನೋಡುವವರೂ ಒಂದು ಬೀಡಿ ಕೊಟ್ಟು ಸಾಗಹಾಕುತ್ತಾರೆ. ಮನೆಯೊಳಗಿನ ಕತೆಯೂ ಬೇರೆಯಲ್ಲ. ಮಗನಿಗೆ ಗುಳಿಗೆ ನುಂಗಿಸಲು ತಾಯಿ ಬೀಡಿಯ ಆಸೆ ತೋರಿಸುತ್ತಾಳೆ. ಗುಳಿಗೆ ನುಂಗಿದರೆ ಎರಡು, ಸ್ನಾನ ಮಾಡಿದರೆ ಒಂದು. 'ಪಾಪ, ಅವನಿಗೆ ಬೇರೆ ಸುಖ ಏನಿದೆ? ಅದೊಂದಾದರೂ ಇರಲಿ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ.

ಈ ಮಾತಿನಲ್ಲಿ ಕರುಣೆ ಇಲ್ಲವೆನ್ನಲಾಗದು. ಆದರೆ ಈ ಕರುಣೆಗೂ ಒಂದು ಚರಿತ್ರೆ ಇದೆ. ಸ್ಕಿಜೋಫ್ರೇನಿಯಾ ಇರುವವನಿಗೂ ಬೀಡಿ ಬಿಡುವ ಮನಸ್ಸಿರಬಹುದು, ಬಿಡಲು ಅವನಿಗೂ ನೆರವು ಸಿಗಬೇಕು ಎಂಬ ವಿಚಾರ ವೈದ್ಯಲೋಕದಲ್ಲೇ ತೀರ ಇತ್ತೀಚಿನದು. ಅದು ಇಷ್ಟು ತಡವಾಗಿ ಏಕೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರದ ದೇಶಗಳಿಗೆ ಮಾತ್ರ ಹೋಗಬೇಕಾಗಿಲ್ಲ. ತಂಬಾಕು, ಹುಚ್ಚಾಸ್ಪತ್ರೆ, ಸರ್ಕಾರಿ ದಾಖಲೆ ಈ ಮೂರರ ಕತೆಯೂ ನಮ್ಮ ಈ ಸೀಮೆಯಲ್ಲೇ ಹಾದುಹೋಗಿದೆ.

ಬಿಜಾಪುರದಿಂದ ಆಗ್ರಾಕ್ಕೆ

ತಂಬಾಕು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಅದನ್ನು ತಂದವರು ಪೋರ್ಚುಗೀಸರು. 1510ರಲ್ಲಿ ಅವರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡರು. ಗೋವೆಯಿಂದ ಘಟ್ಟ ಹತ್ತಿದರೆ ಖಾನಾಪುರದ ಕಾಡು, ಕಾಡು ದಾಟಿದರೆ ಬೆಳಗಾವಿಯ ಕೋಟೆ. ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿ ಇಂದಿಗೂ ನಿಂತಿರುವ ಈ ಕೋಟೆ ಅಂದು ಆದಿಲಶಾಹಿಗಳದ್ದೇ.

ಮೊಗಲ್ ದೊರೆ ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಬರೆದಿಟ್ಟ ವೃತ್ತಾಂತ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆ ರಾಜಧಾನಿಯಲ್ಲಿ ಅವನು ತಂಬಾಕನ್ನು ಕಂಡ. ಉತ್ತರ ಹಿಂದೂಸ್ತಾನದಲ್ಲಿ ತಾನೆಂದೂ ನೋಡಿರದ ಈ ವಸ್ತುವನ್ನು ಹರಳು ಕೂರಿಸಿದ ಕೊಳವೆಯೊಂದಿಗೆ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಇದು 1604-05ರ ಸುಮಾರಿನ ಮಾತು. ಅಕ್ಬರ್ ಒಂದೆರಡು ದಮ್ಮು ಎಳೆದ. ಹಕೀಮರು ತಡೆದರು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಗುಣದೋಷಗಳ ವಿವರವಿಲ್ಲ, ಗೊತ್ತಿಲ್ಲದ ವಸ್ತುವನ್ನು ದೊರೆಗೆ ಹೇಗೆ ಕೊಡುವುದು ಎಂಬುದು ಅವರ ವಾದ. ಲೋಕದಲ್ಲಿ ಎಲ್ಲ ವಸ್ತುಗಳೂ ಒಮ್ಮೆ ಹೊಸದಾಗಿಯೇ ಬಂದವಲ್ಲವೇ ಎಂಬುದು ಅಸದ್ ಬೇಗನ ವಾದ. ಅಕ್ಬರ್ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಅಮೀರರು ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸುವ ಹೊತ್ತಿಗೆ ಅದು ಕೈಮೀರಿತ್ತು.

ಮುಸ್ಲಿಮ್ ಜಗತ್ತಿನ ಬೇರೆಡೆಯೂ ಇದೇ ಚರ್ಚೆ ನಡೆಯಿತು. ತುರ್ಕಿಯ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ತಂಬಾಕು ಸೇದುವವರಿಗೆ ಕಠಿಣ ಶಿಕ್ಷೆ ವಿಧಿಸಿದ. ಮುಂದೆ ದಮಾಸ್ಕಸ್ಸಿನ ವಿದ್ವಾಂಸ ಅಬ್ದುಲ್ ಗನಿ ಅಲ್ ನಾಬುಲುಸಿ ಅದು ನಿಷಿದ್ಧವಲ್ಲವೆಂದು ಗ್ರಂಥವನ್ನೇ ಬರೆದ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ದೊರೆ ಸೇದಬಹುದೇ, ಆಲಿಮರು ಸೇದಬಹುದೇ, ಸಾಮಾನ್ಯರು ಸೇದಬಹುದೇ ಎಂದು ಎಲ್ಲರ ಬಗ್ಗೆ ಜಿಜ್ಞಾಸೆ ನಡೆಯಿತು. ಬುದ್ಧಿ ಸ್ಥಿಮಿತದಲ್ಲಿಲ್ಲದವನನ್ನು ಶರೀಅತ್ತು ಕರ್ತವ್ಯಗಳಿಂದ ಮುಕ್ತಗೊಳಿಸಿದೆ. ಸಮಾಜ ಅದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಅವನ ಬಗೆಗಿನ ತನ್ನ ಕರ್ತವ್ಯಗಳಿಂದಲೂ ಮುಕ್ತವಾಯಿತು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನಮಗೆ ಇದು ಮತ್ತೆ ಮತ್ತೆ ಕಾಡಿದೆ. ಗಜಲುಗಳಲ್ಲಿ ಮಜ್ನೂನನಿಗೆ, ದೀವಾನನಿಗೆ ಎಷ್ಟೊಂದು ಮರ್ಯಾದೆ! ಮಸೀದಿಯ ಮೆಟ್ಟಿಲ ಬಳಿ ಕುಳಿತ ನಿಜವಾದ ದೀವಾನನಿಗೆ ಮಾತ್ರ ಒಂದು ಬೀಡಿ.

'ಕಾರಣ' ಎಂಬ ಕಾಲಮು

ಬೆಳಗಾವಿ ಬೊಂಬಾಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಈ ಸೀಮೆಗೆ ಹತ್ತಿರದ ಹುಚ್ಚಾಸ್ಪತ್ರೆ ಧಾರವಾಡದ್ದು. 1845ರಲ್ಲಿ ಆರಂಭವಾದ ಆ ಆಸ್ಪತ್ರೆಯೇ ಹಲವು ಹೆಸರುಗಳನ್ನು ದಾಟಿ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಗಿದೆ. 'ಧಾರವಾಡಕ್ಕೆ ಕಳಿಸಬೇಕು' ಎಂಬ ಕುಹಕ ಉತ್ತರ ಕರ್ನಾಟಕದ ಮಾತಿನಲ್ಲಿ ಸೇರಿಹೋಗಿರುವುದಕ್ಕೆ ಕಾರಣ ಅದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೈಲು ಬಂತು. ಬೆಳಗಾವಿಯಿಂದ ಖಾನಾಪುರ, ಲೋಂಡಾ, ಅಳ್ನಾವರ ಹಾದು ಧಾರವಾಡಕ್ಕೆ ಹೋಗುವ ಆ ದಾರಿಯಲ್ಲೇ ಇಂದಿಗೂ ನಮ್ಮ ಭಾಗದ ಎಷ್ಟೋ ಕುಟುಂಬಗಳು ತಮ್ಮವರನ್ನು ಕರೆದೊಯ್ಯುತ್ತವೆ.

ಅಂದು ಹುಚ್ಚಾಸ್ಪತ್ರೆಗೆ ಸೇರುವುದು ಕಾಯಿಲೆಯ ಸಂಗತಿಗಿಂತ ಹೆಚ್ಚಾಗಿ ಪೊಲೀಸು ಮತ್ತು ಮ್ಯಾಜಿಸ್ಟ್ರೇಟರ ಸಂಗತಿಯಾಗಿತ್ತು. 1858ರ ಕಾಯಿದೆಯಂತೆ ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಹಿಡಿದು ತರುತ್ತಿದ್ದರು. ಜೊತೆಗೆ ಒಂದು ವಿವರಪಟ್ಟಿ ಹೋಗುತ್ತಿತ್ತು. ಹೆಸರು, ಜಾತಿ, ಊರು, ಮತ್ತು ಹುಚ್ಚಿಗೆ 'ಕಾರಣ'. ಕಾರಣದ ಕಾಲಮನ್ನು ಖಾಲಿ ಬಿಡುವಂತಿರಲಿಲ್ಲ. ಗೊತ್ತಿಲ್ಲ ಎಂದು ಬರೆದರೆ ಮೇಲಧಿಕಾರಿ ಪ್ರಶ್ನಿಸುತ್ತಾನೆ. ಹೀಗಾಗಿ ಎಲ್ಲರಿಗೂ ಸುಲಭವಾದ ಒಂದು ಉತ್ತರ ಸಿಕ್ಕಿತು: ಗಾಂಜಾ. ಸಾಧು, ಫಕೀರ, ಭಿಕ್ಷುಕ, ಯಾರೇ ಆಗಲಿ ಚಿಲುಮೆ ಸೇದಿದ್ದನ್ನು ಯಾರೋ ಕಂಡಿದ್ದರೆ ಸಾಕು.

ಇದು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಹಿಂದೂಸ್ತಾನದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿದವರಿಂದ ತುಂಬಿವೆ ಎಂಬ ಕೂಗಿನ ಮೇಲೆ 1893ರಲ್ಲಿ ಗಾಂಜಾ, ಭಂಗಿಗಳ ಬಗ್ಗೆ ವಿಚಾರಣಾ ಆಯೋಗ ನೇಮಕವಾಯಿತು. 'ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್' ಎಂದು ಅದರ ಹೆಸರು. ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆಯಿತು. ಧಾರವಾಡವೂ ಸೇರಿದಂತೆ ಪ್ರಾಂತಗಳ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತರಿಸಿಕೊಂಡಿತು. 1892ರಲ್ಲಿ ದಾಖಲಾದ 1,344 ರೋಗಿಗಳ ಪೈಕಿ 222 ಜನರ ಹುಚ್ಚಿಗೆ ಗಾಂಜಾ, ಭಂಗಿಯೇ ಕಾರಣವೆಂದು ಬರೆಯಲಾಗಿತ್ತು. ಆಯೋಗ ಈ ಬರಹವನ್ನು ಹಾಗೆಯೇ ನಂಬಲಿಲ್ಲ. ಸ್ಥಳೀಯ ವಿಚಾರಣೆ ನಡೆಸಿ ಸಂಬಂಧಿಕರನ್ನು ಕೇಳಿಸಿತು. ಹಲವರು ಗಾಂಜಾ ಮುಟ್ಟಿದವರೇ ಅಲ್ಲ. ಕೆಲವರು ಹುಚ್ಚು ಹಿಡಿದ ಮೇಲೆ ಸೇದತೊಡಗಿದವರು. ಕೊನೆಗೆ 222ರಲ್ಲಿ ಉಳಿದದ್ದು 98. ಅದರಲ್ಲೂ ಬೇರೆ ಯಾವ ಕಾರಣವೂ ಬೆರೆಯದೆ ಉಳಿದದ್ದು 61 ಮಾತ್ರ. ಆಸ್ಪತ್ರೆಯ ಅಂಕಿಸಂಖ್ಯೆ ನಂಬಲರ್ಹವಲ್ಲ ಎಂದು ಆಯೋಗ 1894ರ ವರದಿಯಲ್ಲಿ ಬರೆಯಿತು.

ಗಾಂಜಾ ನಿರಪಾಯಕಾರಿ ಎಂದು ಇದರ ಅರ್ಥವಲ್ಲ. ಎಳೆವಯಸ್ಸಿನಲ್ಲಿ ಹೆಚ್ಚು ಗಾಂಜಾ ಸೇದುವವರಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ ಎಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ. ನಾವು ಇಲ್ಲಿ ನೋಡಬೇಕಾದದ್ದು ಬೇರೆ. ಹುಚ್ಚನ ಕೈಯಲ್ಲಿ ಹೊಗೆ ಕಂಡ ಆಡಳಿತ ಅದನ್ನೇ ಕಾರಣವೆಂದು ಬರೆದು ಫೈಲು ಮುಚ್ಚಿತು. ಚಿಲುಮೆಯಲ್ಲಿ ಗಾಂಜಾದ ಜೊತೆ ಬೆರೆಯುತ್ತಿದ್ದ ತಂಬಾಕು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆಯೋಗ ಬಂಧುಗಳನ್ನು ಕೇಳಿತು, ಡಾಕ್ಟರರನ್ನು ಕೇಳಿತು, ತಹಶೀಲ್ದಾರರನ್ನು ಕೇಳಿತು. ಒಳಗಿದ್ದ ಮನುಷ್ಯ ಏನು ಬಯಸುತ್ತಾನೆ ಎಂಬ ಪ್ರಶ್ನೆಗೆ ಮಾತ್ರ ಯಾವ ಕಾಲಮೂ ಇರಲಿಲ್ಲ.

ವಖಾರಿಯ ಜಿಲ್ಲೆ

1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್ ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರಿಟ್ಟ. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಎಂಬ ಪದಗಳು ಬಂದಿವೆ. ಇಲ್ಲದ ಧ್ವನಿಗಳು ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನಿಸುವುದು, ಮಾತು ಮತ್ತು ಉತ್ಸಾಹ ಬತ್ತಿಹೋಗುವುದು ಇದರ ಲಕ್ಷಣಗಳು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನ ತಮ್ಮ ಜೀವಿತದ ಯಾವುದೋ ಘಟ್ಟದಲ್ಲಿ ಇಂಥ ತೀವ್ರ ಮನೋರೋಗಕ್ಕೆ ಒಳಗಾಗುತ್ತಾರೆ.

ಅದೇ ಇಪ್ಪತ್ತನೆಯ ಶತಮಾನದಲ್ಲಿ ಬೀಡಿ ಬಡವರ ಹೊಗೆಯಾಗಿ ಬೆಳೆಯಿತು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಿಗರೇಟು ಬಿಟ್ಟವರು ಬೀಡಿ ಹಿಡಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆಯಾಯಿತು. ಅಲ್ಲಿನ ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದು, ಆ ಘಾಟಿನಲ್ಲೇ ದಿನ ಕಳೆದವರು ಬಡ ಹೆಂಗಸರು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ದರಕ್ಕಾಗಿ ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕುಳಿತರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅತ್ತ ಕರಾವಳಿಯಲ್ಲಿ ಸಾವಿರಾರು ಮುಸ್ಲಿಮ್ ಮನೆಗಳ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಆದ್ದರಿಂದ ಬೀಡಿಯ ವಿರುದ್ಧ ಮಾತಾಡುವಾಗ ಅದನ್ನು ನಂಬಿದ ಹೊಟ್ಟೆಗಳನ್ನು ಮರೆಯುವುದು ಸರಿಯಲ್ಲ. ಆದರೆ ಹೊಟ್ಟೆಯ ಮಾತು ಹೇಳುತ್ತ ಶ್ವಾಸಕೋಶದ ಮಾತನ್ನು ಮುಚ್ಚಿಡುವುದೂ ಸರಿಯಲ್ಲ. ತಂಬಾಕು ಇಷ್ಟು ಅಗ್ಗವಾಗಿ, ಇಷ್ಟು ಸಹಜವಾಗಿ ಸಿಗುವ ಸೀಮೆಯಲ್ಲಿ ಅದನ್ನು ಮದ್ದಿನಂತೆ, ಆಟಿಕೆಯಂತೆ, ಲಂಚದಂತೆ ಬಳಸುವುದು ಸುಲಭವಾಯಿತು.

ಬಹುಮಾನವಾದ ಸಿಗರೇಟು

ಹೊಗೆಯನ್ನು ಮೊದಲು ಹುಚ್ಚಿಗೆ ಕಾರಣವೆಂದ ಜಗತ್ತು ಮುಂದೆ ಅದನ್ನೇ ಹುಚ್ಚಿಗೆ ಸಮಾಧಾನವೆಂದಿತು. ಪಶ್ಚಿಮದ ಮನೋರೋಗ ಆಸ್ಪತ್ರೆಗಳಲ್ಲಿ ಸಿಗರೇಟು ಒಂದು ನಾಣ್ಯವೇ ಆಗಿಹೋಯಿತು. ಹಾಸಿಗೆ ಸರಿಪಡಿಸಿದವನಿಗೆ, ಗಲಾಟೆ ಮಾಡದವನಿಗೆ ಸಿಗರೇಟು. ತಪ್ಪು ಮಾಡಿದವನಿಗೆ ಅದು ಬಂದ್. 1960ರ ದಶಕದಲ್ಲಿ ಅಮೆರಿಕದಲ್ಲಿ ಟೋಕನ್ ಕೊಟ್ಟು ರೋಗಿಗಳ ನಡವಳಿಕೆ ತಿದ್ದುವ ಪದ್ಧತಿ ಬಂದಾಗ, ಆ ಟೋಕನ್ನಿನಿಂದ ಕೊಳ್ಳಬಹುದಾದ ವಸ್ತುಗಳಲ್ಲಿ ಸಿಗರೇಟೂ ಇತ್ತು. ನಮ್ಮ ತಾಯಂದಿರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡ ಉಪಾಯವೂ ಅದೇ.

1998ರಲ್ಲಿ ಅಮೆರಿಕದ ರಾಜ್ಯಗಳ ಜೊತೆಗಿನ ಒಪ್ಪಂದದ ನಂತರ ಸಿಗರೇಟು ಕಂಪೆನಿಗಳ ಒಳಗಿನ ಲಕ್ಷಾಂತರ ಕಾಗದಪತ್ರಗಳು ಸಾರ್ವಜನಿಕವಾದವು. ಅವನ್ನು ಪರಿಶೀಲಿಸಿದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸಂಗತಿ ಓದಿದರೆ ಬೇಸರವಾಗುತ್ತದೆ. ಸ್ಕಿಜೋಫ್ರೇನಿಯಾ ರೋಗಿಗಳು ಸೇದುವುದು ತಮಗೆ ತಾವೇ ಮಾಡಿಕೊಳ್ಳುವ ಚಿಕಿತ್ಸೆ, ಅವರಿಗೆ ತಂಬಾಕಿನ ಕೆಡುಕು ಅಷ್ಟಾಗಿ ತಟ್ಟುವುದಿಲ್ಲ ಎಂಬ ವಿಚಾರಕ್ಕೆ ಪುಷ್ಟಿ ಕೊಡುವ ಸಂಶೋಧನೆಗಳಿಗೆ ಕಂಪೆನಿಗಳು ಹಣ ಕೊಟ್ಟಿದ್ದವು. ಆಸ್ಪತ್ರೆಗಳಿಗೆ ಸಿಗರೇಟು ಒದಗಿಸಿದ್ದವು. ಮನೋರೋಗ ಆಸ್ಪತ್ರೆಗಳಲ್ಲಿ ಧೂಮಪಾನ ನಿಷೇಧಿಸುವುದನ್ನು ತಡೆಯುವ ಯತ್ನಗಳಿಗೆ ಬೆಂಬಲವಾಗಿ ನಿಂತಿದ್ದವು. 'ಪಾಪ, ಅದೊಂದಾದರೂ ಇರಲಿ' ಎಂಬ ನಮ್ಮ ಮಾತಿನ ಹಿಂದೆ ಕರುಣೆ ಇತ್ತು. ಅದೇ ಮಾತನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿಸಿದವರ ಹಿಂದೆ ವ್ಯಾಪಾರವಿತ್ತು.

ನಿಕೋಟಿನ್ ಮಿದುಳನ್ನು ಕೆಲವೇ ಸೆಕೆಂಡುಗಳಲ್ಲಿ ತಲುಪುತ್ತದೆ, ಗಮನ ಸ್ವಲ್ಪ ಹೊತ್ತು ಚುರುಕಾದಂತೆ ಮಾಡುತ್ತದೆ. ಇದು ಸುಳ್ಳಲ್ಲ. ಆದರೆ ಒಂದು ಗಂಟೆಯ ನಂತರ ಚಡಪಡಿಕೆ ಶುರುವಾಗುವುದೂ ಅದೇ ನಿಕೋಟಿನ್ ಇಲ್ಲದ್ದರಿಂದ. ಮುಂದಿನ ಬೀಡಿ ಆ ಚಡಪಡಿಕೆಯನ್ನು ತಣಿಸುತ್ತದೆ. ನೋಡುವವರಿಗೆ ಬೀಡಿ ಕಾಯಿಲೆಯನ್ನೇ ತಣಿಸಿದಂತೆ ಕಾಣುತ್ತದೆ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಸುಮಾರು ಹದಿನೈದು ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅದಕ್ಕೆ ಆತ್ಮಹತ್ಯೆಯೊಂದೇ ಕಾರಣವಲ್ಲ. ಬಹುಪಾಲು ಸಾವು ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳಿಂದ. ಅವುಗಳಲ್ಲಿ ತಂಬಾಕಿನ ಪಾಲು ದೊಡ್ಡದು.

ಚೆನ್ನೈನ ಲೆಕ್ಕ

ಸ್ಕಿಜೋಫ್ರೇನಿಯಾ ಇದ್ದವನು ಸೇದದೆ ಇರಲಾರ ಎಂಬುದು ಇನ್ನೊಂದು ನಂಬಿಕೆ. ಇಪ್ಪತ್ತು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಈ ರೋಗಿಗಳ ಪೈಕಿ ಶೇಕಡ 62ರಷ್ಟು ಮಂದಿ ಸೇದುವವರು. ಇದನ್ನು ಓದಿದ ಹಲವರು ಈ ಚಟ ಕಾಯಿಲೆಯ ರಕ್ತದಲ್ಲೇ ಇದೆ ಎಂದು ತೀರ್ಮಾನಿಸಿದರು.

ಆದರೆ ಇದಕ್ಕಿಂತ ಮೊದಲೇ, 2002ರಲ್ಲಿ, ಚೆನ್ನೈನ ಸ್ಕಾರ್ಫ್ ಸಂಸ್ಥೆಗೆ ಸೇರಿದ ಮನೋವೈದ್ಯೆ ಡಾ. ಆರ್. ತಾರಾ ಮತ್ತು ಡಾ. ಟಿ.ಎನ್. ಶ್ರೀನಿವಾಸನ್ ಬೇರೆಯೇ ಒಂದು ಲೆಕ್ಕ ಕೊಟ್ಟಿದ್ದರು. ಅವರು ಪರಿಶೀಲಿಸಿದ 286 ಗಂಡು ರೋಗಿಗಳಲ್ಲಿ ಸೇದುತ್ತಿದ್ದವರು ಶೇಕಡ 38. ಇದು ಅಲ್ಲಿನ ಸಾಮಾನ್ಯ ಗಂಡಸರ ಪ್ರಮಾಣಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಎಲ್ಲವೂ ದೇಹಧರ್ಮವಲ್ಲ ಎಂಬುದು ಅವರ ಪ್ರಬಂಧದ ಶೀರ್ಷಿಕೆಯ ಸಾರ. ನಮ್ಮ ದೇಶದಲ್ಲಿ ರೋಗಿ ಹೆಚ್ಚಾಗಿ ಮನೆಯವರ ಜೊತೆಗಿರುತ್ತಾನೆ. ಅವನ ಕೈಯಲ್ಲಿ ದುಡ್ಡು ಕಡಿಮೆ. ಅಪ್ಪ, ಅಣ್ಣ, ಹೆಂಡತಿ ಕಣ್ಣಿಟ್ಟಿರುತ್ತಾರೆ. ಮನೆಯವರು ಕೊಟ್ಟರೆ ಮಾತ್ರ ಬೀಡಿ.

ಈ ಲೆಕ್ಕ ನಮಗೆ ಎರಡು ಪಾಠ ಹೇಳುತ್ತದೆ. ಮೊದಲನೆಯದು, ಸೇದುವುದು ಈ ಕಾಯಿಲೆಯ ಹಣೆಬರಹವಲ್ಲ. ಎರಡನೆಯದು, ನಮ್ಮಲ್ಲಿ ಬೀಡಿಯ ಕಟ್ಟು ಇರುವುದು ಮನೆಯವರ ಕೈಯಲ್ಲಿ. ಬಿಡಿಸುವ ಶಕ್ತಿಯೂ ಅಲ್ಲೇ ಇದೆ, ಹಿಂಸಿಸುವ ಶಕ್ತಿಯೂ ಅಲ್ಲೇ ಇದೆ. ಒಂದು ದಿನ ಕೊಟ್ಟು, ಮರುದಿನ ಸಿಟ್ಟಿನಿಂದ ಪೂರ್ತಿ ನಿಲ್ಲಿಸಿ, ಅವನು ರೇಗಾಡಿದಾಗ ಹೆದರಿ ಮತ್ತೆ ಕೊಡುವುದು ಬಿಡಿಸುವ ಕ್ರಮವಲ್ಲ. ಹೆಂಗಸರ ವಿಷಯವಂತೂ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಭಾಗದಲ್ಲಿ ಅವರು ಬೀಡಿ ಸೇದುವುದು ಅಪರೂಪ, ಆದರೆ ಹಲ್ಲಿಗೆ ಮಿಶ್ರಿ ತಿಕ್ಕುವುದು, ಎಲೆಯಡಿಕೆಯ ಜೊತೆ ತಂಬಾಕು ಹಾಕುವುದು ಸಾಮಾನ್ಯ. ಕಾಯಿಲೆಯ ಹೆಂಗಸು ದಿನವಿಡೀ ಮಿಶ್ರಿ ತಿಕ್ಕುತ್ತ ಮೂಲೆಯಲ್ಲಿ ಕುಳಿತರೆ ಅದನ್ನು ಚಟವೆಂದು ಯಾರೂ ಕರೆಯುವುದಿಲ್ಲ.

ಹೊಗೆ ಮತ್ತು ಗುಳಿಗೆ

ಈಗ ಪ್ರತಿ ಕುಟುಂಬವೂ ತಿಳಿದಿರಬೇಕಾದ ಮಾತಿಗೆ ಬರೋಣ. ಬೀಡಿ ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನಲ್ಲಿರುವ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಆ ಕಿಣ್ವ ಕ್ಲೋಜಪಿನ್, ಒಲಾಂಜಪಿನ್ ಎಂಬ ಗುಳಿಗೆಗಳನ್ನು ಬೇಗಬೇಗ ಕರಗಿಸಿಬಿಡುತ್ತದೆ. ಅಂದರೆ ಹೆಚ್ಚು ಸೇದುವವನಿಗೆ ಅದೇ ಗುಳಿಗೆ ಸಾಲದಾಗುತ್ತದೆ, ಡಾಕ್ಟರು ಪ್ರಮಾಣ ಹೆಚ್ಚಿಸುತ್ತಾರೆ. ಈಗ ಅವನು ಒಮ್ಮೆಲೇ ಸೇದುವುದನ್ನು ನಿಲ್ಲಿಸಿದ ಎನ್ನಿ. ಕೆಲವೇ ದಿನಗಳಲ್ಲಿ ಕಿಣ್ವದ ಚುರುಕು ಇಳಿಯುತ್ತದೆ, ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ. ಅತಿಯಾದ ನಿದ್ದೆ, ಜೊಲ್ಲು, ತಲೆಸುತ್ತು, ಕ್ಲೋಜಪಿನ್ ಆದರೆ ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಮನೆಯವರು 'ಬೀಡಿ ಬಿಟ್ಟದ್ದೇ ತಪ್ಪಾಯಿತು' ಎಂದುಕೊಂಡು ಮತ್ತೆ ಬೀಡಿ ಕೊಡುತ್ತಾರೆ. ನಿಜವಾಗಿ ಮಾಡಬೇಕಿದ್ದದ್ದು ಡಾಕ್ಟರಿಗೆ ಮೊದಲೇ ತಿಳಿಸಿ ಗುಳಿಗೆಯ ಪ್ರಮಾಣ ಇಳಿಸಿಕೊಳ್ಳುವುದು.

ಈ ಕೆಲಸ ಮಾಡುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಆದ್ದರಿಂದ ಬೀಡಿ ಬಿಟ್ಟು ತಂಬಾಕು ಜಗಿಯತೊಡಗಿದವನಿಗೂ ಔಷಧಿಯ ಪ್ರಮಾಣ ಬದಲಾಯಿಸಬೇಕಾಗಬಹುದು. ರಮಝಾನಿನಲ್ಲಿ ಹಗಲಿಡೀ ಸೇದದೆ ಇರುವ ರೋಗಿಗೂ, ಆಸ್ಪತ್ರೆಗೆ ಸೇರಿ ಸೇದಲಾಗದವನಿಗೂ ಇದೇ ಎಚ್ಚರ ಬೇಕು. ಉಪವಾಸ ಮಾಡಬಹುದೇ, ಗುಳಿಗೆಯ ಹೊತ್ತು ಬದಲಾಯಿಸಬಹುದೇ ಎಂಬುದನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸಬೇಕು. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿರುವಾಗ ಮನೆಯವರು ಹಟ ಮಾಡುವುದರಲ್ಲಿ ಅರ್ಥವಿಲ್ಲ.

ಬಿಟ್ಟರೆ ಹುಚ್ಚು ಕೆರಳುತ್ತದೆ ಎಂಬ ಭಯಕ್ಕೂ ಉತ್ತರ ಬಂದಿದೆ. 2016ರಲ್ಲಿ ಪ್ರಕಟವಾದ 'ಈಗಲ್ಸ್' ಎಂಬ ದೊಡ್ಡ ಪ್ರಯೋಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಧೂಮಪಾನಿಗಳಿದ್ದರು. ಅವರಲ್ಲಿ ಅರ್ಧದಷ್ಟು ಜನ ಮನೋರೋಗ ಇದ್ದವರು. ವಾರೆನಿಕ್ಲಿನ್, ಬುಪ್ರೊಪಿಯಾನ್, ನಿಕೋಟಿನ್ ಪಟ್ಟಿ ಇವು ಮೂರೂ ಬಿಡಲು ನೆರವಾದವು, ಹುಸಿಗುಳಿಗೆ ಪಡೆದವರಿಗಿಂತ ಗಮನಾರ್ಹವಾಗಿ ಹೆಚ್ಚಿನ ಮಾನಸಿಕ ತೊಂದರೆಯನ್ನು ಉಂಟುಮಾಡಲಿಲ್ಲ. ಆ ವರ್ಷದ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಗುಳಿಗೆಗಳ ಮೇಲಿದ್ದ ಮಾನಸಿಕ ತೊಂದರೆಯ ಕಟ್ಟೆಚ್ಚರಿಕೆಯನ್ನು ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ 526 ತೀವ್ರ ಮನೋರೋಗಿಗಳ ಜೊತೆ ನಡೆದ, 2019ರಲ್ಲಿ ವರದಿಯಾದ ಪ್ರಯೋಗದಲ್ಲಿ, ಮನೋರೋಗಿಗಳ ಆರೈಕೆ ಬಲ್ಲ ಸಲಹೆಗಾರರ ನೆರವು ಪಡೆದವರಲ್ಲಿ ಆರು ತಿಂಗಳಿಗೆ ಶೇಕಡ 14 ಮಂದಿ ಬಿಟ್ಟಿದ್ದರು. ಸಾಮಾನ್ಯ ನೆರವು ಪಡೆದವರಲ್ಲಿ ಬಿಟ್ಟವರು ಶೇಕಡ 6. ವರ್ಷದ ಕೊನೆಗೆ ಈ ಅಂತರ ಕಡಿಮೆಯಾಯಿತು. ಅಂದರೆ ಬಿಡುವುದು ಸಾಧ್ಯ, ಆದರೆ ಒಂದು ಸಲದ ಉಪದೇಶದಿಂದ ಅಲ್ಲ. ಬಿಟ್ಟವನ ಬೆನ್ನಿಗೆ ವರ್ಷಗಟ್ಟಲೆ ಯಾರಾದರೂ ನಿಲ್ಲಬೇಕು.

ಖಾನಾಪುರದ ದೂರ

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವ ಪರಂಪರೆ ಇದೆ. ಮನೋವೈದ್ಯರಿಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ಕೊಡಿಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ದೇಶದಲ್ಲಿ ತೆರೆದ ಹದಿಮೂರು ತಂಬಾಕು ಬಿಡಿಸುವ ಕ್ಲಿನಿಕ್ಕುಗಳಲ್ಲಿ ನಿಮ್ಹಾನ್ಸ್‌ನದೂ ಒಂದು. 2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಕಾರ್ಯಕ್ರಮ ತಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ಇದರ ಹಿಂದೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ನಡೆದ ದುರಂತದ ನೆನಪಿದೆ. ಅಲ್ಲಿನ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ನೆಲದ ಮೇಲೆ ದೂರವಿದೆ. ಬೆಳಗಾವಿ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರು ಮಾತ್ರ. ಆದರೆ ಕಣಕುಂಬಿ, ಭೀಮಗಡದ ಕಡೆಯ ಕಾಡಿನ ಊರುಗಳಲ್ಲಿ ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಯನ್ನು ಹೊತ್ತು ತರಬೇಕು. ಎದೆನೋವು ಬಂದವನನ್ನು ಹೇಗೋ ಹೊತ್ತು ತಂದಾರು. ಧ್ವನಿಗಳು ಕೇಳುತ್ತವೆ ಎನ್ನುವವನನ್ನು ಯಾರು ಹೊರುತ್ತಾರೆ? ತಿಂಗಳಿಗೊಮ್ಮೆ ಗುಳಿಗೆ ತರಲು ಒಂದು ದಿನದ ಕೂಲಿ ಬಿಡಬೇಕು. ಬೀಡಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಊರ ಅಂಗಡಿಯಲ್ಲೇ ಉದ್ರಿ ಸಿಗುತ್ತದೆ. ಗುಳಿಗೆ ದೂರವಾಗಿ ಬೀಡಿ ಹತ್ತಿರವಾಗಿರುವ ಕಡೆ ಕುಟುಂಬವನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇರುವ ಸೌಲಭ್ಯವನ್ನಾದರೂ ಬಳಸುವುದು ನಮ್ಮ ಕೈಯಲ್ಲಿದೆ. ತಂಬಾಕು ಬಿಡಲು 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ 2016ರಿಂದಲೂ, ಮಾನಸಿಕ ನೆರವಿಗೆ 14416 ಸಂಖ್ಯೆಯ ಟೆಲಿ ಮಾನಸ್ 2022ರಿಂದಲೂ ಇವೆ. ಮಸೀದಿಯ ಜಮಾಅತಿನವರು, ಯುವಕ ಸಂಘದವರು ಈ ಎರಡು ಸಂಖ್ಯೆಗಳನ್ನು ನೋಟೀಸು ಬೋರ್ಡಿಗೆ ಹಾಕುವುದು ಕಷ್ಟವಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗರ್ಭಿಣಿಯ ಬಗ್ಗೆ, ಮಗುವಿನ ಬಗ್ಗೆ ಹೇಳುವ ನಾವು ಒಳಕೋಣೆಯಲ್ಲಿರುವವನ ಬಗ್ಗೆಯೂ ಹೇಳಬೇಕು. ಮನೋವೈದ್ಯರು ರೋಗಿಯ ಚೀಟಿಯಲ್ಲಿ ಗುಳಿಗೆಯ ಜೊತೆಗೆ ಅವನು ದಿನಕ್ಕೆ ಎಷ್ಟು ಸೇದುತ್ತಾನೆಂದೂ ಬರೆಯಬೇಕು. ಮನೆಯವರು ಗುಳಿಗೆಗೆ ಬೀಡಿಯನ್ನು ಲಂಚವಾಗಿ ಕೊಡುವ ಬದಲು ಚಹಾ, ತಿರುಗಾಟ, ಒಂದಿಷ್ಟು ಮಾತು ಇವನ್ನು ಕೊಟ್ಟು ನೋಡಬೇಕು. ಬಹಳ ಸಲ ಅವನು ಬೀಡಿ ಕೇಳುವುದು ಯಾರಾದರೂ ತನ್ನತ್ತ ತಿರುಗಲಿ ಎಂದೇ ಇರಬಹುದು.

ಈ ಚರಿತ್ರೆಯುದ್ದಕ್ಕೂ ನಮಗೆ ಕಂಡದ್ದು ಇಷ್ಟು. ಪೊಲೀಸರು ಹೊಗೆಯನ್ನು ಅವನ ಅಪರಾಧವೆಂದು ಬರೆದರು. ಕಂಪೆನಿಗಳು ಅದನ್ನು ಅವನ ಔಷಧವೆಂದವು. ಆಸ್ಪತ್ರೆಗಳು ಬಹುಮಾನವಾಗಿಸಿದವು. ನಾವು ಅದನ್ನು ಅವನ ಏಕೈಕ ಸುಖವೆಂದೆವು. ಇವರಲ್ಲಿ ಯಾರೂ 'ನಿನಗೆ ಬಿಡಬೇಕೆನ್ನಿಸಿದೆಯೇ?' ಎಂದು ಅವನನ್ನೇ ಕೇಳಲಿಲ್ಲ. ಕೇಳಿದ ಕಡೆಗಳಲ್ಲೆಲ್ಲ ಹೌದೆನ್ನುವವರು ಬಹಳ ಜನ ಸಿಕ್ಕಿದ್ದಾರೆ. ಉಳಿದವರು ಬಿಡಲು ಬಯಸುವಂತೆಯೇ ಇವರೂ ಬಯಸುತ್ತಾರೆ, ಉಳಿದವರಂತೆಯೇ ಸೋಲುತ್ತಾರೆ, ಮತ್ತೆ ಪ್ರಯತ್ನಿಸುತ್ತಾರೆ. ಈ ಪ್ರಶ್ನೆ ಕೇಳಲು ಆಯೋಗ ಬೇಕಿಲ್ಲ, ಕಾಯಿದೆ ಬೇಕಿಲ್ಲ. ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಉತ್ತರಕ್ಕೆ ಕಾಯುವ ವ್ಯವಧಾನವಿದ್ದರೆ ಸಾಕು.